ಗಂಟೆಗೆ ತಿರುಗಿದ ಕೂಸು

ಪಾರಿವಾಳದ ಹಿಕ್ಕೆಯ ವಾಸನೆ ಬಂದರೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತೇ ಕಟ್ಟಿಬಿಡುತ್ತದೆ. ಹೋದ ತಿಂಗಳು ಶಿಗ್ಗಾಂವದಲ್ಲಿ ಹಾಗೇ ಆಯಿತು.

ಮಗಳು ರೂತಿಯ ರಜೆ ಮುಗಿದಿತ್ತು. ಈಗ ಅವಳಿಗೆ ಹತ್ತು ವರ್ಷ. ಹುಬ್ಬಳ್ಳಿಯಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿದ್ದಾಳೆ, ಅಲ್ಲೇ ವಸತಿ. ಹಿರೇಕೆರೂರಿನಿಂದ ಹೊರಟ ನಮಗೆ ಹುಬ್ಬಳ್ಳಿಗೆ ನೇರ ಬಸ್ಸು ಸಿಗದೆ ಶಿಗ್ಗಾಂವದಲ್ಲಿ ಇಳಿದೆವು. ಭಾನುವಾರ, ಬೆಳಗಿನ ಒಂಬತ್ತು ದಾಟಿತ್ತು. ಐದು ವರ್ಷದಿಂದ ಈ ಊರು ದಾಟುವಾಗೆಲ್ಲ ನಾನು ಬಸ್ಸಿನಲ್ಲಿ ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಕೂರುತ್ತಿದ್ದೆ. ಆ ದಿನವೂ ಸ್ಟ್ಯಾಂಡಿನ ಕಟ್ಟೆಯ ಮೇಲೆ ಮುಂದಿನ ಬಸ್ಸಿಗೆ ಕಾಯುತ್ತ ಕೂತಿರುತ್ತಿದ್ದೆ. ರೂತಿ ಬಿಡಲಿಲ್ಲ. ನನ್ನ ಕೈ ಹಿಡಿದು ಎಳೆದಳು. ಗೋವಿನಜೋಳದ ಚೀಲ ಒಟ್ಟಿದ ಗೋದಾಮುಗಳ ಸಾಲು ದಾಟಿ, ಎಡಕ್ಕೆ ತಿರುಗಿ, ಚರ್ಚಿನ ಕಾಂಪೌಂಡಿನ ಕಬ್ಬಿಣದ ಗೇಟಿನವರೆಗೆ ದಾರಿ ತಪ್ಪದೆ ಕರೆದುಕೊಂಡು ಹೋದಳು. ಗೇಟು ತೆರೆದ ಕೂಡಲೇ ಆ ವಾಸನೆ. ಹಂಚಿನ ಕೆಳಗೆ ಪಾರಿವಾಳಗಳು ಮತ್ತೆ ಬಂದು ಸೇರಿಕೊಂಡಿದ್ದವು.

ಆರು ವರ್ಷದ ಹಿಂದೆ ನಾವು ತಡಸದಲ್ಲಿದ್ದೆವು. ನನ್ನ ಗಂಡ ಜೀವನಪ್ಪ ಅಲ್ಲಿಯ ಕ್ರಾಸಿನಲ್ಲಿ ವೆಲ್ಡಿಂಗ್ ಶೆಡ್ ಹಾಕಿದ್ದರು. ರೂತಿಗೆ ಜೂನಿನಲ್ಲಿ ನಾಲ್ಕು ತುಂಬಿತ್ತು. ಇನ್ನೂ ಮಾತು ಬಂದಿರಲಿಲ್ಲ. ತಡವಾಗಿ ಮಾತಾಡುವ ಮಕ್ಕಳು ಬಹಳ ಚುರುಕಾಗಿರುತ್ತವೆ ಎಂದು ಬಂದವರೆಲ್ಲ ಹೇಳಿ ಹೋಗುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ. ಸವಣೂರಿನ ನನ್ನ ತಂಗಿಯ ಮನೆಗೆ ಹೋದಾಗ ಅವಳ ಕೈಯಿಂದ ಖಾರದ ಡಬ್ಬಿಯ ಮುಚ್ಚಳ ಜಾರಿ ಫರ್ಸಿ ನೆಲದ ಮೇಲೆ ಬಿತ್ತು. ಮನೆಯವರೆಲ್ಲ ಬೆಚ್ಚಿದೆವು. ಬೆನ್ನು ಮಾಡಿ ಕೂತಿದ್ದ ರೂತಿ ಬೆಚ್ಚಲಿಲ್ಲ. ತಂಗಿ ಆ ಮುಚ್ಚಳವನ್ನು ಎತ್ತಿ ಬೇಕೆಂದೇ ಇನ್ನೊಮ್ಮೆ ಒಗೆದಳು.

"ಅಕ್ಕಾ, ಇಕಿ ನಮ್ಮ ಬಾಯಿ ನೋಡ್ತಾಳ ಅಷ್ಟ. ನಮ್ಮ ಮಾತು ಕೇಳಾಕತ್ತಿಲ್ಲ."

"ನಿನಗ ಮಕ್ಕಳ ಬಗ್ಗೆ ಏನ ತಿಳೀತೈತಿ?" ಎಂದೆ ನಾನು. ಅವಳಿಗೆ ಮಕ್ಕಳಿರಲಿಲ್ಲ. ಆ ಮಾತು ಆಡಬಾರದಿತ್ತು. ಅವಳು ತಿರುಗಿ ಏನೂ ಅನ್ನದೆ ಮರುದಿನವೇ ನಮ್ಮ ಜೊತೆ ಹುಬ್ಬಳ್ಳಿಯ ಆಸ್ಪತ್ರೆಗೆ ಬಂದಳು. ಅದನ್ನು ನಾನು ಇಂದಿಗೂ ದೇವರ ದಯೆಗಳಲ್ಲಿ ಒಂದೆಂದು ಎಣಿಸುತ್ತೇನೆ.

ಅಲ್ಲಿಯ ಡಾಕ್ಟರಮ್ಮ ಒಳ್ಳೆಯವರು. ನೆಲದ ಮೇಲೆ ರೂತಿಯ ಎದುರಿಗೇ ಕೂತು ಎಲ್ಲ ಪರೀಕ್ಷೆ ಮಾಡಿದರು. ಆಮೇಲೆ ನಮ್ಮನ್ನು ಕೂರಿಸಿ ಹೇಳಿದರು.

"ಎರಡೂ ಕಿವಿ ಕೇಳಂಗಿಲ್ಲರಿ. ಆದ್ರ ದಾರಿ ಐತಿ. ಮೊದಲ ಈ ಕಿವಿ ಮಷೀನ್ ಹಾಕ್ರಿ, ವಾರಕ್ಕೊಮ್ಮೆ ತರಬೇತಿಗೆ ಬರ್ರಿ. ಆಮ್ಯಾಲೆ ಕಿವಿ ಒಳಗಿನ ಆಪರೇಶನ್ನಿಗೆ ಸರ್ಕಾರದ ಯಾದಿಯೊಳಗ ಹೆಸರು ಹಾಕ್ತೇವಿ. ಐದು ತುಂಬೋದರೊಳಗ ಆಗಬೇಕು. ಮಕ್ಕಳ ಮಿದುಳು ಹಸಿ ಮಣ್ಣಿದ್ದಂಗ. ಒಣಗಿದ ಮ್ಯಾಲೆ ಎಷ್ಟ ನೀರು ಹೊಡದ್ರೂ ಆಕಾರ ಬರಂಗಿಲ್ಲ. ಒಂದು ವಾರಾನೂ ತಪ್ಪಸಬ್ಯಾಡ್ರಿ."

ಒಂದು ವರ್ಷ. ಜೂನಿನಿಂದ ಜೂನಿಗೆ. ನಮ್ಮ ಕೈಯಲ್ಲಿ ಇದ್ದದ್ದು ಅಷ್ಟು.

ಬುಧವಾರ ಹುಬ್ಬಳ್ಳಿ, ಭಾನುವಾರ ಶಿಗ್ಗಾಂವದ ಚರ್ಚು ಎಂದಾಯಿತು. ತಡಸದಲ್ಲಿ ನಮ್ಮದೊಂದೇ ಕ್ರೈಸ್ತರ ಮನೆ. ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ರೂತಿಗೆ ಎಣ್ಣೆ ಹಚ್ಚಿ ಎರೆದು, ಎರಡು ಜಡೆ ಹಾಕಿ, ಅಬ್ಬಲಿಗೆ ಮುಡಿಸಿ, ಹಳದಿ ಫ್ರಾಕು ತೊಡಿಸಿ, ಬೆಲ್ಟಿನ ಹಾಗಿದ್ದ ಆ ಮಷೀನನ್ನು ಎದೆಗೆ ಕಟ್ಟಿ ತಂತಿಗಳನ್ನು ಕಿವಿಗೆ ಸಿಕ್ಕಿಸುತ್ತಿದ್ದೆ. ಅದು ಅವಳಿಗೆ ಬೇಡವಾಗಿತ್ತು. ಬಸ್ಸು ಹತ್ತುವುದರೊಳಗೆ ಎರಡು ಸಲ ಕಿತ್ತು ಒಗೆಯುತ್ತಿದ್ದಳು. ಅವರಪ್ಪ ಭಾನುವಾರವೂ ಶೆಡ್ಡು ಮುಚ್ಚುತ್ತಿರಲಿಲ್ಲ. ರಂಟಿ, ನೇಗಿಲು ಮುರಿದುಕೊಂಡು ಬರುವ ರೈತರಿಗೆ ವಾರ ಯಾವುದಾದರೇನು? ಹೀಗಾಗಿ ನಾವಿಬ್ಬರೇ ಹೋಗುತ್ತಿದ್ದೆವು.

ಬಸ್ಸಿನ ಕಂಡಕ್ಟರು ಪ್ರತಿ ಸಲವೂ ಅವಳನ್ನು ಮಾತಾಡಿಸುತ್ತಿದ್ದ. "ಏನ್ರಿ ಮೇಡಮ್ಮಾರ, ರೇಡಿಯೋ ಕಟಗೊಂಡು ಎಲ್ಲಿಗಿ ಹೊಂಟೀರಿ? ನಮ್ಮ ಕೂಡ ಮಾತ ಇಲ್ಲೇನು?"

ಅವಳು ಅವನ ಮೀಸೆ ನೋಡಿ ನಗುತ್ತಿದ್ದಳು. "ಸಿಟ್ಟು ಭಾಳ ಐತ್ರಿ ಇಕಿಗೆ, ಅವರಪ್ಪನಂಗ," ಎಂದು ನಾನು ಮಾತು ಹಾರಿಸುತ್ತಿದ್ದೆ. ಕೇಳುವುದಿಲ್ಲ ಎಂಬ ಒಂದು ಶಬ್ದ ನನ್ನ ಬಾಯಿಂದ ಹೊರಬರಲಿಲ್ಲ. ಸುಳ್ಳು ನನಗೆ ಅಲ್ಲಿಂದಲೇ ರೂಢಿಯಾಗಿತ್ತು ಎಂದು ಈಗ ಅನಿಸುತ್ತದೆ.

ಚರ್ಚು ಸಣ್ಣದು, ಹಂಚಿನದು. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ಜಮಖಾನದ ಮೇಲೆ, ಎದುರಿಗೆ ಪಾದ್ರಿ ಅಯ್ಯನವರು. ನಾವು ಯಾವಾಗಲೂ ತಡ. ಹಿರಿಯಳಾದ ಸುಗಂಧಾಬಾಯಿ ಬಾಗಿಲ ಹತ್ತಿರವೇ ಕೂತು ಬರುವವರ ಲೆಕ್ಕ ಹಿಡಿಯುವವಳು.

"ತಡಸದವರು ಬಂದ್ರು ನೋಡ್ರೆವಾ. ಅಯ್ಯನವರ, ಇನ್ನ ಆಶೀರ್ವಾದ ಕೊಟ್ಟು ಮನಿಗೆ ಕಳಿಸಿಬಿಡ್ರಿ ಎಲ್ಲಾರ್ನೂ!"

ಹಾಗೆ ಅನ್ನುತ್ತಲೇ ಸರಿದು ಜಾಗ ಮಾಡಿ ರೂತಿಯನ್ನು ತನ್ನ ತೊಡೆಗೆ ಎಳೆದುಕೊಳ್ಳುತ್ತಿದ್ದಳು. ರೂತಿ ಐದು ನಿಮಿಷ ಅಲ್ಲಿದ್ದು ನನ್ನ ಕಡೆ ಹರಿದು ಬರುವಳು. ಕೀರ್ತನೆ ಶುರುವಾದರೆ ಎದ್ದು ನಿಂತ ನನ್ನ ಕಡೆ ಎತ್ತಿಕೋ ಎಂದು ಕೈ ಚಾಚುವಳು. ಎತ್ತಿಕೊಂಡರೆ ತನ್ನ ಅಂಗೈಯನ್ನು ನನ್ನ ಗಂಟಲ ಮೇಲೆ ಇಟ್ಟು, ಹಾಡು ಮುಗಿಯುವ ತನಕ ತೆಗೆಯುತ್ತಿರಲಿಲ್ಲ. ಹಾಡು ಅವಳಿಗೆ ತಲುಪುತ್ತಿದ್ದದ್ದು ಆ ದಾರಿಯಿಂದ. ನಾನು ಶ್ರುತಿ ಬಿಟ್ಟರೂ ಜೋರಾಗಿ ಹಾಡುತ್ತಿದ್ದೆ. "ಯವ್ವಾ, ಸಾವಕಾಶ ಹಾಡ. ಹಾರ್ಮೋನಿಯಂ ಹೆದರತೈತಿ," ಎನ್ನುತ್ತಿದ್ದಳು ಸುಗಂಧಾಬಾಯಿ.

ಆ ಸಲ ಮಳೆ ಜೂನಿನ ಮೊದಲ ವಾರ ಹಿಡಿದದ್ದು ಬಿಡಲೇ ಇಲ್ಲ. ಗಾಳಿಯ ಜೊತೆ ಇರಚಲು ಹೊಡೆಯುತ್ತಿದ್ದರಿಂದ ಚರ್ಚಿನ ಕಿಟಕಿಗಳನ್ನೆಲ್ಲ ಎರಡು ತಿಂಗಳು ಮುಚ್ಚಿಯೇ ಇಟ್ಟಿದ್ದರು. ಒಳಗೆ ಹಗಲಲ್ಲೂ ಮಬ್ಬು. ಪ್ರತಿ ಭಾನುವಾರ ಅಯ್ಯನವರು ರೂತಿಯ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದರು. ನಾನು ಸೆರಗು ಬಾಯಿಗೆ ಒತ್ತಿ ಅಳುತ್ತಿದ್ದೆ. ತರಬೇತಿಯಲ್ಲಿ ಎರಡು ತಿಂಗಳಾದರೂ ಅವಳು ಒಂದೇ ಒಂದು ಸಪ್ಪಳಕ್ಕೆ ತಿರುಗಿರಲಿಲ್ಲ. "ಇದು ಹಂಗ ರೀ, ಭಾಳ ದಿನ ಹಿಡೀತೈತಿ," ಎನ್ನುತ್ತಿದ್ದರು ಡಾಕ್ಟರಮ್ಮ.

ಶ್ರಾವಣದ ನಡುವೆ ಒಂದು ಭಾನುವಾರ ಹೊಳವಾಯಿತು. ತೊಳೆದಿಟ್ಟಂಥ ಬಿಸಿಲು. ಯಾರೋ ಕಿಟಕಿಗಳನ್ನೆಲ್ಲ ತೆರೆದಿದ್ದರು, ಜಮಖಾನದ ಮೇಲೆ ಬಿಸಿಲಿನ ಚೌಕ ಬಿದ್ದಿತ್ತು. ಆ ದಿನ ಏನು ಪುಣ್ಯವೋ, ಆರಾಧನೆ ಶುರುವಾಗುವಾಗ ಹೊಡೆಯುವ ಎರಡನೇ ಗಂಟೆಗೆ ಮೊದಲೇ ನಾವು ತಲುಪಿದ್ದೆವು. ರೂತಿ ನನ್ನ ತೊಡೆಯ ಮೇಲೆ ಮುಂದಕ್ಕೆ ಮುಖ ಮಾಡಿ ಕೂತಿದ್ದಳು. ಮಷೀನು ಕಿತ್ತು ನನ್ನ ಚೀಲ ಸೇರಿತ್ತು. ಬಾಗಿಲ ಹಿಂದೆ ಕಾಳಪ್ಪ ಹಗ್ಗ ಎಳೆದ. ಚರ್ಚು ನೋಡಿಕೊಳ್ಳುವವನು ಅವನು. ಗಂಟೆ ಢಣ್ ಎಂದಿತು.

ರೂತಿ ತಿರುಗಿದಳು. ತಟ್ಟನೆ, ಪೂರಾ ಕತ್ತು ಹೊರಳಿಸಿ, ಕಣ್ಣು ಅಗಲ ಮಾಡಿ, ಎಡಕ್ಕೆ, ಕಿಟಕಿಯಾಚೆ ಗಂಟೆಯ ಕಂಬವಿದ್ದ ಕಡೆ ತಿರುಗಿದಳು.

ಅವಳನ್ನು ಎದೆಗೆ ಅವಚಿಕೊಂಡೆ. ಉಪದೇಶ ಮುಗಿಯುವ ತನಕ ಏನು ಓದಿದರು, ಏನು ಹಾಡಿದರು, ನನಗೆ ಗೊತ್ತಿಲ್ಲ. ಉಪದೇಶ ಆದ ಮೇಲೆ ಅಯ್ಯನವರು ಎಂದಿನಂತೆ, "ಸಾಕ್ಷಿ ಹೇಳುವವರು ಇದ್ದರೆ ಎದ್ದು ನಿಲ್ಲಬಹುದು," ಎಂದರು. ದೇವರು ಮಾಡಿದ ಉಪಕಾರವನ್ನು ಸಭೆಯ ಮುಂದೆ ಎದ್ದು ಹೇಳುವುದು ನಮ್ಮಲ್ಲಿ ಪದ್ಧತಿ. ಜ್ವರ ಬಿಟ್ಟದ್ದು, ಬಸ್ಸು ಉರುಳಿದರೂ ಗಾಯವಾಗದ್ದು, ಪರೀಕ್ಷೆ ಪಾಸಾದದ್ದು, ಎಲ್ಲ ಹೇಳುತ್ತಾರೆ. ಹಾಗೆ ಹೇಳಿದ್ದು ಬರೀ ಮಾತಲ್ಲ. ಅದು ದೇವರ ಹೆಸರಿಗೆ ಜಮಾ ಆದಂತೆ. ಹಿಂದಕ್ಕೆ ತೆಗೆದುಕೊಂಡವರನ್ನು ನಾನು ಕಂಡಿರಲಿಲ್ಲ.

ನಾನು ಎದ್ದೆ. "ನನ್ನ ಮಗಳಿಗೆ ಗಂಟಿ ಕೇಳಿಸ್ತರಿ," ಎಂದೆ.

"ಸ್ತೋತ್ರ!" ಎಂದಿತು ಇಡೀ ಸಭೆ. ಸುಗಂಧಾಬಾಯಿ ರೂತಿಯನ್ನು ಎತ್ತಿ ಗಿರ್ರನೆ ತಿರುಗಿಸಿ ಮುದ್ದಿಟ್ಟಳು.

ಮುಂದಿನ ಭಾನುವಾರವೂ ಬಿಸಿಲಿತ್ತು, ಅವಳು ತಿರುಗಿದಳು. ಅದರ ಮುಂದಿನ ವಾರ ಮೋಡ ಕವಿದಿತ್ತು, ತಿರುಗಲಿಲ್ಲ. ನೆಗಡಿಯಾಗಿದೆ ಎಂದುಕೊಂಡೆ. ಮತ್ತೆ ಬಿಸಿಲು ಬಂತು, ಮತ್ತೆ ತಿರುಗಿದಳು. ನಾನು ಮಷೀನನ್ನು ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಸೀರೆಗಳ ಕೆಳಗೆ ಇಟ್ಟೆ. ದೇವರು ಕೊಟ್ಟ ಕಿವಿಗೆ ಮೇಲೊಂದು ಮಷೀನು ಕಟ್ಟಿದರೆ ಅದು ಅಪನಂಬಿಕೆ ಎಂದು ನನಗೆ ತೋರಿತು. ಯಾರೂ ಹಾಗೆ ಮಾಡೆಂದು ಹೇಳಲಿಲ್ಲ. ಅಯ್ಯನವರೂ ಹೇಳಲಿಲ್ಲ, ಸುಗಂಧಾಬಾಯಿಯೂ ಹೇಳಲಿಲ್ಲ. ಅದು ನನ್ನ ಬುದ್ಧಿಯೇ. ಬುಧವಾರದ ಹುಬ್ಬಳ್ಳಿಯೂ ನಿಂತಿತು.

ಗಂಡ ಒಂದು ಸಂಜೆ ಕೈ ತೊಳೆಯುತ್ತ ಕೇಳಿದರು. "ಗಂಟಿ ಕೇಳಿಸ್ತಂದ್ರ, ನಾ ಗ್ರೈಂಡರ್ ಹಚ್ಚಿದ್ದೂ ಕೇಳಿಸಬೇಕಲ್ಲ? ಇವತ್ತ ಆಕಿ ಹಿಂದ ನಿಂತ ಹಚ್ಚಿದ್ನಿ. ಮಣ್ಣಾಗ ಆಡಕೋತ ಕುಂತಿದ್ಲು, ಹೊಳ್ಳಿ ನೋಡಲಿಲ್ಲ."

"ದೇವರು ತನ್ನ ಮನಿಯಿಂದ ಸುರು ಮಾಡ್ಯಾನ. ನಿಮ್ಮ ಶೆಡ್ಡಿನಿಂದ ಸುರು ಮಾಡಬೇಕಿತ್ತೇನು?"

ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಹೆಂಗೂ ಬುಧವಾರ ಒಮ್ಮೆ ಹೋಗಿ ತೋರಿಸಿಕೊಂಡು ಬರೂಣು," ಎಂದರು.

"ಸಾಕ್ಷಿ ಹೇಳೇನಿ. ಈಗ ಹೋಗಿ ಪರೀಕ್ಷಾ ಮಾಡಸೂದಂದ್ರ ಏನರ್ಥ?"

ಅವರು ಮಾತು ಬೆಳೆಸುವವರಲ್ಲ. ಅಂದು ಬೆಳೆಸಬೇಕಿತ್ತು ಎಂದು ಆಮೇಲೆ ಒಮ್ಮೆ ಅಂದರು. ಒಮ್ಮೆ ಮಾತ್ರ ಅಂದರು, ಮತ್ತೆ ಎಂದೂ ಅನ್ನಲಿಲ್ಲ. ಇದನ್ನೂ ದಯೆಗಳಲ್ಲಿ ಎಣಿಸುತ್ತೇನೆ.

ಸುದ್ದಿ ಹಬ್ಬಿತು. ಹಾನಗಲ್ಲಿನಿಂದ, ಸವಣೂರಿನಿಂದ ಜನ ಭಾನುವಾರ ಬರತೊಡಗಿದರು. ಮಾರ್ತಾ ಎಂಬ ಒಬ್ಬ ತಾಯಿ ಹಾನಗಲ್ಲಿನಿಂದ ನಡೆಯಲು ಬಾರದ ಮಗನನ್ನು ಹೊತ್ತು ತರುತ್ತಿದ್ದಳು. ರೂತಿಯ ಕಿವಿ ಮುಟ್ಟಿ, ಆ ಬೆರಳನ್ನು ಮಗನ ಮೊಣಕಾಲಿಗೆ ಒತ್ತಿ ಕಣ್ಣು ಮುಚ್ಚುತ್ತಿದ್ದಳು. ರೂತಿಗೆ ಅದು ಕಚಗುಳಿ. ಕಿಲಕಿಲ ನಗುತ್ತಿದ್ದಳು. ಮಾರ್ತಾಳ ಮಗನೂ ನಗುತ್ತಿದ್ದ. ನನಗೆ ಹೆಮ್ಮೆಯಾಗುತ್ತಿತ್ತು. ಯಾಕೆ ಸುಳ್ಳು ಹೇಳಲಿ, ಬಹಳ ಹೆಮ್ಮೆಯಾಗುತ್ತಿತ್ತು.

ಕ್ರಿಸ್‌ಮಸ್ಸಿಗೆ ಮೊದಲು ಚರ್ಚಿಗೆ ಸುಣ್ಣ ಬಣ್ಣವಾಯಿತು. ಹಂಚಿನ ಕೆಳಗಿದ್ದ ಪಾರಿವಾಳದ ಗೂಡುಗಳನ್ನೆಲ್ಲ ತೆಗೆದು, ಹಿಕ್ಕೆ ಕೆರೆದು, ಗಂಟೆಯ ಕಂಬದ ಸುತ್ತ ತಂತಿಯ ಜಾಳಿಗೆ ಹೊಡೆದರು. ಮುಂದಿನ ಭಾನುವಾರ ಒಳ್ಳೆಯ ಚಳಿಗಾಲದ ಬಿಸಿಲು. ಕಿಟಕಿ ತೆರೆದಿದ್ದವು. ಜಮಖಾನದ ಮೇಲೆ ಅದೇ ಚೌಕ. ಕಾಳಪ್ಪ ಹಗ್ಗ ಎಳೆದ. ಢಣ್. ರೂತಿ ತಿರುಗಲಿಲ್ಲ. ಮತ್ತೆ ಢಣ್. ಅವಳು ಆ ಬಿಸಿಲಿನ ಚೌಕವನ್ನೇ ನೋಡುತ್ತ ಕಾಯುತ್ತಿದ್ದಳು.

ಏನು ಕಾಯುತ್ತಿದ್ದಾಳೆ ಎಂದು ನಾನೂ ಅತ್ತ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಆಗ ನನಗೆ ತಿಳಿಯಿತು. ಗಂಟೆ ಹೊಡೆದಾಗಲೆಲ್ಲ ಪಾರಿವಾಳಗಳು ಒಮ್ಮೆಲೇ ಏಳುತ್ತಿದ್ದವು. ಅವುಗಳ ನೆರಳು ಕಿಟಕಿಯಿಂದ ಬಂದು ಜಮಖಾನದ ಮೇಲೆ ಸರಸರ ಹಾದು ಹೋಗುತ್ತಿತ್ತು. ಮಳೆಯಲ್ಲಿ ಕಿಟಕಿ ಮುಚ್ಚಿದ್ದಾಗ ಇರದ ನೆರಳು, ಮೋಡದ ದಿನ ಬೀಳದ ನೆರಳು. ನನ್ನ ಮಗಳು ತಿರುಗಿ ನೋಡಿದ್ದು ಅದನ್ನು. ಇಂದಿಗೂ ಚರ್ಚು ಎನ್ನಲು ಅವಳು ಮಾಡುವ ಸನ್ನೆ ಅದೇ, ಒಂದು ಅಂಗೈಯ ಮೇಲೆ ಇನ್ನೊಂದು ಕೈಯನ್ನು ಹಕ್ಕಿಯಂತೆ ಹಾಯಿಸುತ್ತಾಳೆ. ಶಾಲೆಯಲ್ಲಿ ಬೇರೆ ಸನ್ನೆ ಕಲಿಸಿದರೂ ಇದನ್ನು ಬಿಟ್ಟಿಲ್ಲ.

ಆರಾಧನೆ ಮುಗಿದ ಮೇಲೆ ಚಪ್ಪಲಿ ಹಾಕಿಕೊಳ್ಳುವಾಗ ಕಾಳಪ್ಪ ಹತ್ತಿರ ಬಂದ. "ತಂಗೀ, ಇವತ್ತ ಕೂಸು ಹೊಳ್ಳಿ ನೋಡಲಿಲ್ಲಲ್ಲ?"

"ಜೊಂಪ ಹತ್ತಿತ್ತರಿ ಆಕಿಗೆ," ಎಂದೆ.

ಅವನು ರೂತಿಯನ್ನು ನೋಡಿದ, ನನ್ನನ್ನು ನೋಡಿದ, ಹಗ್ಗ ಸುತ್ತಿಡಲು ಹೋದ.

ಅದು ಡಿಸೆಂಬರು. ಅಂದೇ ಎದ್ದು ಹುಬ್ಬಳ್ಳಿಗೆ ಓಡಿದ್ದರೆ ಇನ್ನೂ ಆರು ತಿಂಗಳು ನಮ್ಮ ಕೈಯಲ್ಲಿತ್ತು. ನಾನು ಓಡಲಿಲ್ಲ. ಮುಂದಿನ ಭಾನುವಾರ ಹೇಳಿಬಿಡುತ್ತೇನೆ ಎಂದು ಹೋಗುವೆ, ಮಾರ್ತಾ ಮಗನನ್ನು ಇಳಿಸಿ ಬೆರಳು ಚಾಚುವಳು, ನಾನು ರೂತಿಯನ್ನು ಅವಳ ಮುಂದೆ ಕೂರಿಸುವೆ. ಹೇಳಿದರೆ ದೇವರ ಹೆಸರಿಗೆ ಕೇಡು ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಹೆಸರಿಗೆ ಕೇಡು ಎಂದು ಹೆದರಿದ್ದೆ ಎಂಬುದು ದೇವರಿಗೂ ಗೊತ್ತು, ನನಗೂ ಗೊತ್ತು. ಇನ್ನೊಂದು ಕಡೆ ನಿಜವಾಗಿಯೇ ಕೇಳಿಸುವಂತೆ ಮಾಡಿಬಿಡು ಎಂದು ದೇವರಿಗೆ ದುಂಬಾಲು ಬಿದ್ದಿದ್ದೆ. ನನ್ನ ಮಾತು ಉಳಿಸಪ್ಪ ಎಂಬುದು ಪ್ರಾರ್ಥನೆಯಾಗಿತ್ತು. ಮಗಳ ಕಿವಿ ಅದರ ನಂತರ. ಜನವರಿ, ಫೆಬ್ರುವರಿ, ಮಾರ್ಚು. ಬೇಸಿಗೆಯಲ್ಲಿ ಬಸ್ಸಿನ ಸೀಟು ಕಾದು ಸುಡುತ್ತಿತ್ತು. ಕಿಟಕಿ ಹತ್ತಿರ ಅವಳನ್ನು ಕೂರಿಸಿ, ಇಂದು ಕಿಟಕಿ ಸಿಕ್ಕಿತು, ಇಂದು ಅವಳು ಅಳಲಿಲ್ಲ, ಇಂದು ಯಾರೂ ಕೇಳಲಿಲ್ಲ ಎಂದು ಒಂದೊಂದನ್ನೇ ಎಣಿಸುತ್ತ ಹೋಗುತ್ತಿದ್ದೆ.

ಮೇ ಕೊನೆಗೆ ಗಂಡ ನನ್ನನ್ನು ಕೇಳದೆ ಡಬ್ಬಿ ತೆರೆದು ಮಷೀನು ತೆಗೆದರು. ಶೆಡ್ಡಿನ ಬಟ್ಟೆಯಲ್ಲೇ ಮಗಳನ್ನು ಎತ್ತಿಕೊಂಡು ಹೊರಟರು. ನಾನು ಹಿಂದೆ ಹೋದೆ. ಡಾಕ್ಟರಮ್ಮ ಹಳೆಯ ಚೀಟಿ ತಿರುವಿ ಹಾಕಿದರು.

"ಶ್ರಾವಣದಿಂದ ಯಾಕ ಬರಲಿಲ್ಲರಿ?"

ಗಂಡ ನನ್ನ ಕಡೆ ನೋಡದೆ, "ಕೆಲಸ ಭಾಳ ಇತ್ರಿ ನನಗ, ಕರಕೊಂಡು ಬರಾಕ ಆಗಲಿಲ್ಲ," ಎಂದರು. ತಪ್ಪನ್ನು ತಮ್ಮ ತಲೆಗೆ ಹಾಕಿಕೊಂಡರು. ಡಾಕ್ಟರಮ್ಮ ಅವರನ್ನು ಬಹಳ ಹೊತ್ತು ಬೈದರು. ಬೈದು ಆದ ಮೇಲೆ ಕನ್ನಡಕ ತೆಗೆದು ಮೆಲ್ಲಗೆ ಹೇಳಿದರು. ಯಾದಿಯ ವಯಸ್ಸು ಹದಿನೈದು ದಿನದಲ್ಲಿ ದಾಟುತ್ತದೆ, ತರಬೇತಿಯಿಲ್ಲದೆ ಹೆಸರು ಹಾಕಲು ಬರುವುದಿಲ್ಲ. ಇನ್ನು ಸನ್ನೆ ಕಲಿಸುವ ಶಾಲೆಗೆ ಹಾಕಿ. ಅವಳು ಜಾಣೆ, ಕಲಿಯುತ್ತಾಳೆ.

ರೂತಿ ಅಷ್ಟು ಹೊತ್ತೂ ಅವರಪ್ಪನ ಅಂಗಿಯ ಮೇಲಿನ ಕಿಡಿ ಸುಟ್ಟ ತೂತುಗಳಲ್ಲಿ ಬೆರಳು ತೂರಿಸುತ್ತ ಆಡುತ್ತಿದ್ದಳು.

ಆ ಜೂನಿನಲ್ಲೇ ಶೆಡ್ಡು ಕಿತ್ತು ಹಿರೇಕೆರೂರಿಗೆ ಹೋದೆವು. ಶಿಗ್ಗಾಂವದ ಸಭೆಗೆ ಹೇಳದೆ ಹೋದೆ.

ಹೋದ ತಿಂಗಳು ಗೇಟು ದಾಟಿ ಚರ್ಚಿನೊಳಗೆ ಕಾಲಿಟ್ಟಾಗ ಎರಡನೇ ಗಂಟೆ ಹೊಡೆಯಿತು. ಹಗ್ಗ ಹಿಡಿದವನು ಕಾಳಪ್ಪನೇ, ಬೆನ್ನು ಬಾಗಿತ್ತು. ಜಾಳಿಗೆ ಹರಿದು ಜೋತುಬಿದ್ದಿತ್ತು. ಪಾರಿವಾಳಗಳು ಎದ್ದವು. ಜಮಖಾನದ ಮೇಲೆ ನೆರಳು ಹಾಯಿತು, ರೂತಿ ತಟ್ಟನೆ ತಿರುಗಿ ನನ್ನನ್ನು ನೋಡಿ ನಕ್ಕಳು.

"ಅಯ್ಯ ನಮ್ಮವ್ವಾ!" ಸುಗಂಧಾಬಾಯಿಯ ಹಲ್ಲು ಉದುರಿದ್ದವು, ದನಿ ಮಾತ್ರ ಹಾಗೇ ಇತ್ತು. "ತಡಸದವರು ಐದು ವರ್ಷ ತಡಾ ಮಾಡಿ ಬಂದ್ರು ನೋಡ್ರಿ! ಅಯ್ಯನವರ, ನಾ ಹೇಳ್ತಿದ್ನೆಲ್ಲ, ಗಂಟಿ ಕೇಳಿದ ಕೂಸು, ಇಕೀನ. ಈಗೂ ನೋಡ್ರಿ ಹೆಂಗ ತಿರುಗಿದ್ಲು!"

ಹೊಸ ಅಯ್ಯನವರು, ಎಳೆಯ ವಯಸ್ಸಿನವರು, ಕೈ ಮುಗಿದರು. ಅವರು ಬಂದು ಎರಡು ವರ್ಷವಂತೆ. ಆ ಕಥೆಯನ್ನು ಎಷ್ಟೋ ಮನೆಗಳಲ್ಲಿ ಹೇಳಿ ಪ್ರಾರ್ಥಿಸಿದ್ದಾರಂತೆ. ನನ್ನ ಸುಳ್ಳು ನಾನಿಲ್ಲದೆಯೂ ಭಾನುವಾರ ತಪ್ಪದೆ ಚರ್ಚಿಗೆ ಬರುತ್ತಿತ್ತು. ಮಾರ್ತಾ ಎಲ್ಲಿ ಎಂದು ಕೇಳಿದೆ. "ಬರ್ತಾಳವಾ ತಿಂಗಳಿಗೊಮ್ಮೆ. ಹುಡುಗ ದೊಡ್ಡಾವ ಆದ, ಹೊರಾಕ ಆಗಂಗಿಲ್ಲ, ಒಬ್ಬಾಕಿನ ಬರ್ತಾಳ," ಎಂದಳು ಸುಗಂಧಾಬಾಯಿ.

ಉಪದೇಶ ಮುಗಿಯಿತು. ಸಾಕ್ಷಿ ಹೇಳುವವರು ಇದ್ದರೆ ಎಂದರು ಅಯ್ಯನವರು. ಸುಗಂಧಾಬಾಯಿ ಮೊಣಕೈಯಿಂದ ತಿವಿದು ನನ್ನ ತೋಳು ಹಿಡಿದಳು. "ಏಳ. ಈಗ ಎಷ್ಟ ಚಂದ ಮಾತಾಡ್ತಾಳಂತ ಹೇಳ."

ನಾನು ಎದ್ದೆ. ರೂತಿಯೂ ನನ್ನ ಜೊತೆ ಎದ್ದು ನಿಂತಳು, ಹಾಡು ಶುರುವಾಗುತ್ತದೆ ಎಂದುಕೊಂಡಿರಬೇಕು.

"ಆರು ವರ್ಷದ ಹಿಂದ ಇಲ್ಲೇ ನಿಂತು ಒಂದು ಸಾಕ್ಷಿ ಹೇಳಿದ್ನಿ," ಎಂದೆ. "ಅದು ಖರೇ ಅಲ್ಲರಿ. ಆಕಿ ತಿರುಗಿದ್ದು ಪಾರಿವಾಳದ ನೆರಳಿಗೆ. ನನಗ ಕ್ರಿಸ್‌ಮಸ್ಸಿಗೆ ಗೊತ್ತಾಗಿತ್ತು. ಹೇಳಲಿಲ್ಲ. ಆಪರೇಶನ್ನಿನ ವ್ಯಾಳೆ ದಾಟಿತು. ಆಕಿಗೆ ಏನೂ ಕೇಳಂಗಿಲ್ಲ. ಮಾರ್ತಾಗ ಯಾರರ ತಿಳಸ್ರಿ."

ಗಂಡಸರ ಕಡೆಯಿಂದ ರೂಢಿಯಂತೆ ಯಾರೋ ಒಬ್ಬ "ಸ್ತೋತ್ರ" ಎಂದು ಅರ್ಧಕ್ಕೆ ನಿಲ್ಲಿಸಿದ. ನನ್ನ ತೋಳಿನ ಮೇಲಿದ್ದ ಸುಗಂಧಾಬಾಯಿಯ ಕೈ ಯಾವಾಗ ಹೋಯಿತೋ ತಿಳಿಯಲಿಲ್ಲ. ಬಾಗಿಲ ಹತ್ತಿರ ಕಾಳಪ್ಪ ತಲೆ ಬಗ್ಗಿಸಿ ಹಗ್ಗದ ತುದಿಯನ್ನು ಸುತ್ತುತ್ತ ನಿಂತಿದ್ದ. "ಕುಂದರ್ರಿ ಅಮ್ಮಾ," ಎಂದರು ಅಯ್ಯನವರು ಸಾವಕಾಶ. ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ.

ಅಯ್ಯನವರು ಹಾರ್ಮೋನಿಯಂನವನಿಗೆ ಕಣ್ಸನ್ನೆ ಮಾಡಿದರು. ಕೀರ್ತನೆ ಶುರುವಾಯಿತು. ರೂತಿ ಎಲ್ಲರ ಬಾಯಿ ನೋಡಿದಳು. ಎತ್ತಿಕೊಳ್ಳುವ ವಯಸ್ಸಲ್ಲ ಈಗ, ನನ್ನ ಭುಜಕ್ಕೆ ಬಂದಿದ್ದಾಳೆ. ಕೈ ಚಾಚಿ ಅಂಗೈಯನ್ನು ನನ್ನ ಗಂಟಲ ಮೇಲೆ ಇಟ್ಟಳು. ನಾನು ಬಾಯಿ ತೆರೆದೆ. ದನಿ ಬರಲಿಲ್ಲ. ಅವಳು ಕೈ ತೆಗೆಯಲಿಲ್ಲ. ಒಮ್ಮೆ ಸ್ವಲ್ಪ ಒತ್ತಿ ನೋಡಿದಳು, ಜಾಗ ಬದಲಿಸಿ ಇನ್ನೊಂದು ಕಡೆ ಇಟ್ಟು ನೋಡಿದಳು. ಹಾಡಿನ ಕೊನೆಯ ಚರಣದ ತನಕ ನನ್ನ ಮುಖ ನೋಡುತ್ತ, ಕಾಯುತ್ತ ನಿಂತಿದ್ದಳು.